ಸೀಟಿ ಹೊಡೆಯುವ ನಾಯಿ

ಗಂಗಾವತಿಯ ನಮ್ಮ ಮನೆಗೆ ಬಂದವರು ಯಾರೇ ಇರಲಿ, ಕುರ್ಚಿಯಲ್ಲಿ ಕೂರುವ ಮೊದಲೇ ಅವರ ಕಣ್ಣು ಗೋಡೆಗೆ ಹೋಗುತ್ತದೆ. ಅಲ್ಲಿ ಕ್ಯಾಲೆಂಡರಿಗೂ ಛತ್ರಿಗೂ ನಡುವಿನ ಮೊಳೆಯಲ್ಲಿ ಒಂದು ವಸ್ತು ನೇತಾಡುತ್ತಿದೆ. ಅಂಗೈಯಗಲದ ಗಾಜು, ಸುತ್ತ ನೀಲಿ ರಬ್ಬರು, ಪಕ್ಕದಲ್ಲಿ ಛತ್ರಿಯ ಹಿಡಿಕೆಯಂತೆ ಬಾಗಿದ ಕೊಳವೆ. ಗ್ಯಾಸ್ ಸಿಲಿಂಡರ್ ತಂದವನು, 'ಯಾರಿಗೆ ಆರಾಮಿಲ್ರಿ ಅಮ್ಮಾರ, ಆಕ್ಸಿಜನ್ ತಂದಿಟ್ಟೀರಿ?' ಎಂದು ದನಿ ತಗ್ಗಿಸಿ ಕೇಳಿದ್ದ. ಎದುರು ಮನೆಯಾಕೆ ಅದನ್ನು ವೆಲ್ಡಿಂಗ್‌ನವರದು ಅಂದುಕೊಂಡಿದ್ದಳು. ನಾನು ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದೆ. ಮೂವತ್ತೈದು ವರ್ಷ ಇಂಗ್ಲಿಷ್ ಪಾಠ ಮಾಡಿದ ಬಾಯಿ, ಉಚ್ಚಾರ ತಿದ್ದಿಯೇ ಕೊಡುತ್ತಿದ್ದೆ: ಇದು ಸ್ನಾರ್ಕೆಲ್. ಸಮುದ್ರದಲ್ಲಿ ಮುಖ ಕೆಳಗೆ ಮಾಡಿ ತೇಲುತ್ತ, ಈ ಕೊಳವೆಯಿಂದ ಉಸಿರಾಡುತ್ತ, ಕೆಳಗಿನ ಲೋಕ ನೋಡುವುದಕ್ಕೆ. ಅಷ್ಟು ಹೇಳಿ ಸ್ವಲ್ಪ ನಿಲ್ಲಿಸುತ್ತಿದ್ದೆ. ಪಾಠದಲ್ಲಿ ಪರೀಕ್ಷೆಗೆ ಬರುವ ಸಾಲು ಓದುವ ಮುಂಚೆ ಮೇಷ್ಟರು ನಿಲ್ಲಿಸುತ್ತಾರಲ್ಲ, ಹಾಗೆ. ಆಮೇಲೆ, 'ಐ ಸಾ ಡಾಲ್ಫಿನ್ಸ್' ಎನ್ನುತ್ತಿದ್ದೆ.

ಈಗ ಎನ್ನುವುದಿಲ್ಲ. ವಸ್ತು ಮಾತ್ರ ಅಲ್ಲೇ ಇದೆ. ತೆಗೆದು ಅಟ್ಟಕ್ಕೆ ಹಾಕಬೇಕೆಂದು ಒಮ್ಮೆ ಸ್ಟೂಲು ಹತ್ತಿ, ಹಾಗೇ ಇಳಿದಿದ್ದೇನೆ. ಯಾಕೆ ಇಳಿದೆ ಎಂಬುದನ್ನೇ ಹೇಳಹೊರಟಿದ್ದೇನೆ. ನಡುವೆ ಅಡ್ಡದಾರಿ ಹಿಡಿದರೆ ಕ್ಷಮಿಸಿ. ನಾಚಿಕೆಯ ಮಾತಿಗೆ ನೇರ ದಾರಿ ಯಾವುದೆಂದು ಈ ಅರವತ್ತೆಂಟನೆಯ ವಯಸ್ಸಿನಲ್ಲೂ ನನಗೆ ಗೊತ್ತಾಗಿಲ್ಲ.

ಮೊದಲಿಗೆ, ಸ್ನಾರ್ಕೆಲ್ ಸ್ವಂತದ್ದೇ ಯಾಕೆ ಎಂದು ನೀವು ಕೇಳಬಹುದು. ನಾವು ನಿವೃತ್ತ ಶಿಕ್ಷಕಿಯರು ಹದಿಮೂರು ಮಂದಿ ಸೇರಿ ಮುರ್ಡೇಶ್ವರಕ್ಕೆ ಹೋಗುವುದೆಂದು ನಿಶ್ಚಯವಾಗಿತ್ತು. ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ನೀರಿಗಿಳಿಯಬಹುದೆಂದು ಮೊಬೈಲಿನಲ್ಲಿ ಓದಿ ಹೇಳಿದವಳು ನಾನೇ. ಕೊಳವೆ, ಗಾಜು ಎಲ್ಲ ಅಲ್ಲಿಯವರೇ ಕೊಡುತ್ತಾರೆ. ಆದರೆ ಕೊಳವೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳಬೇಕು. ನಿನ್ನೆ ಅದನ್ನು ಇನ್ನಾರೋ ಕಚ್ಚಿದ್ದರು, ಮೊನ್ನೆ ಮತ್ತಾರೋ. ನಮ್ಮವ್ವ ಇದ್ದಿದ್ದರೆ ಒಂದೇ ಪದ ಹೇಳುತ್ತಿದ್ದಳು: ಎಂಜಲ. ಕಾನ್ವೆಂಟಿನ ಸಿಸ್ಟರ್ ಇದ್ದಿದ್ದರೆ ಅವರದೂ ಒಂದೇ ಪದ: ಅನ್‌ಹೈಜೀನಿಕ್. ಯಾವ ವಿಷಯದಲ್ಲೂ ಒಮ್ಮತಕ್ಕೆ ಬಾರದ ಆ ಇಬ್ಬರು ಹೆಂಗಸರು ನನ್ನ ತಲೆಯೊಳಗೆ ಅಂದು ಒಂದಾದರು. ಆನ್‌ಲೈನಿನಲ್ಲಿ ತರಿಸಿಬಿಟ್ಟೆ.

ಆ ಇಬ್ಬರ ನಡುವೆಯೇ ನಾನು ಬೆಳೆದದ್ದು. ಅಪ್ಪ ಮುನಿರಾಬಾದಿನಲ್ಲಿ ಡ್ಯಾಮಿನ ಗೇಟುಗಳಿಗೆ ಗ್ರೀಸ್ ಹಚ್ಚುವ ಕೆಲಸದಲ್ಲಿದ್ದ. ಯಾರೋ ಇಂಜಿನಿಯರು ಒಂದು ಮಾತು ಹೇಳಿದ್ದರಿಂದ ನನಗೆ ಹೊಳೆಯಾಚೆಯ ಕಾನ್ವೆಂಟಿನ ಬೋರ್ಡಿಂಗಿನಲ್ಲಿ ಜಾಗ ಸಿಕ್ಕಿತು. ವರ್ಷಕ್ಕೆರಡು ಸಲ ಮನೆಗೆ ಬಂದಾಗ 'ಎಕ್ಸ್‌ಕ್ಯೂಸ್ ಮಿ' ಎಂದು ದನದ ಕೊಟ್ಟಿಗೆ ದಾಟುತ್ತಿದ್ದೆನಂತೆ. ಅವ್ವ ಓಣಿಗೆಲ್ಲ ಹೇಳಿ ನಗಿಸುತ್ತಿದ್ದಳು. ಮನೆಯ ಹಿಂದೆ ಕಣ್ಣು ಹಾಯುವಷ್ಟು ನೀರಿತ್ತು. ಆದರೆ ನಾನು ಪಾದ ತೋಯಿಸಿದವಳಲ್ಲ. ಮುಳುಗಿದವರ ಹೆಣ ತೆಗೆಯುವುದನ್ನು ನೋಡಿದ್ದ ಅಪ್ಪ ಬಿಡುತ್ತಿರಲಿಲ್ಲ. ಲಂಗ ಮೊಣಕಾಲಿನ ಮೇಲೆ ಹೋಗಬಾರದೆಂದು ಸಿಸ್ಟರ್ ಬಿಡುತ್ತಿರಲಿಲ್ಲ. ನನ್ನ ಜಲಜೀವಿಗಳೆಲ್ಲ ಪುಸ್ತಕದಲ್ಲಿದ್ದವು. ನಮ್ಮ ಇಂಗ್ಲಿಷ್ ರೀಡರಿನಲ್ಲಿ ಒಂದು ಬಣ್ಣದ ಚಿತ್ರವಿತ್ತು. ಮೀಸೆಯ ಕಂದು ಪ್ರಾಣಿ, ನೀರಿನಲ್ಲಿ ಅಂಗಾತ ಮಲಗಿ ಹೊಟ್ಟೆಯ ಮೇಲೆ ಮೀನಿಟ್ಟುಕೊಂಡಿದೆ. ಕೆಳಗೆ 'ಆಟರ್' ಎಂದು ಬರೆದಿತ್ತು. ಹಿಮ, ಓಕ್ ಮರ, ಆಟರ್, ಇವೆಲ್ಲ ಇಂಗ್ಲೆಂಡಿನಲ್ಲಿ ಸಿಗುವ ಸಾಮಾನು ಎಂದು ನಾನು ತಿಳಿದಿದ್ದೆ. ಯಾರೂ ತಿದ್ದಲಿಲ್ಲ. ಈ ಪ್ರಾಣಿಯನ್ನು ಸ್ವಲ್ಪ ನೆನಪಿಡಿ, ಮತ್ತೆ ಬರುತ್ತದೆ.

ಇಷ್ಟು ಒಣಗಿದ ಹೆಂಗಸಿಗೆ ಒಮ್ಮೆಯಾದರೂ ನೀರಿನೊಳಗೆ ಕಣ್ಣು ಬಿಟ್ಟು ನೋಡಬೇಕೆಂಬ ಆಸೆ ಹುಟ್ಟಿದರೆ ತಪ್ಪೇನು? ತಪ್ಪಿದೆ ಎಂದವಳು ಮೆಹರುನ್ನೀಸಾ. ಅವಳು ನಮ್ಮ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದವಳು, ನನ್ನ ನಲವತ್ತು ವರ್ಷದ ಗೆಳತಿ, ತವರು ಕುಷ್ಟಗಿ.

'ನಮ್ಮ ಕುಷ್ಟಗ್ಯಾಗ ಕುಡಿಯಾಕ ನೀರಿಲ್ಲ, ನೀ ಮುಳಗಾಕ ಹೊಂಟಿ' ಎಂದಳು. ಆದರೂ ದೋಣಿ ಹತ್ತಿದಳು. ಉಳಿದ ಹನ್ನೊಂದು ಮಂದಿ ದೇವಸ್ಥಾನದಲ್ಲೇ ಉಳಿದರು.

ದಡದಲ್ಲಿ ಒಂದು ಫಾರ್ಮ್ ತುಂಬಿಸಿಕೊಂಡರು. ವಯಸ್ಸು ಎಂಬಲ್ಲಿ ಐವತ್ತೆಂಟು ಎಂದು ಬರೆದೆ. ಇದು ಆ ದಿನದ ಮೊದಲನೆಯ ಸುಳ್ಳು. ಮಾರಲ್ ಸೈನ್ಸಿನಲ್ಲಿ ಮೂರು ವರ್ಷ ಬಹುಮಾನ ತೆಗೆದುಕೊಂಡವಳು, ಪೆನ್ನು ಸ್ವಲ್ಪವೂ ನಡುಗಲಿಲ್ಲ.

ದೋಣಿಯಲ್ಲಿ ಒಂದೂವರೆ ಗಂಟೆ. ಮೆಹರು ಅಷ್ಟೂ ಹೊತ್ತು ಅಂಚಿಗೆ ತಲೆಯಿಟ್ಟು ವಾಂತಿ ಮಾಡಿದಳು. ದ್ವೀಪದ ಹತ್ತಿರ ದೋಣಿ ನಿಂತಾಗ ನನಗೆ ಕಬ್ಬಿನ ಸಿಪ್ಪೆಯಷ್ಟು ಬಿಗಿಯಾದ ರಬ್ಬರು ಬಟ್ಟೆ, ಅದರ ಮೇಲೆ ಗಾಳಿ ತುಂಬಿದ ಜಾಕೆಟು ಹಾಕಿದರು. ನೀರಿಗಿಳಿಸುವ ಕರಾವಳಿಯ ತರುಣಿ, ಹೆಸರು ಶರಾವತಿ, ನನ್ನ ಸ್ನಾರ್ಕೆಲ್ ತಿರುಗಿಸಿ ನೋಡಿ, 'ಗಾಜಿಗೆ ಒಳಗಿಂದ ಉಗಿಯಿರಿ ಮೇಡಂ' ಎಂದಳು.

'ವಾಟ್?'

'ಉಗಿಯಿರಿ. ಉಗಿದು ಬೆರಳಲ್ಲಿ ಉಜ್ಜಿದರೆ ಮಬ್ಬು ಹಿಡಿಯುವುದಿಲ್ಲ.'

ಎಂಜಲಿಗೆ ಅಂಜಿ ಸ್ವಂತದ್ದು ತಂದ ನನಗೆ ಇದು ಬೇಕಾಗಿತ್ತು. ಕಾನ್ವೆಂಟಿನಲ್ಲಿ ಲೇಡೀಸ್ ಸೀನುವುದಕ್ಕೂ ಪರ್ಮಿಷನ್ ಕೇಳಬೇಕಿತ್ತು. ಗಾಜು ಮುಖದ ಹತ್ತಿರ ತಂದೆ. ಅದರಲ್ಲಿ ನನ್ನದೇ ಮುಖ ಕಾಣುತ್ತಿತ್ತು. ಉಗಿದೆ. 'ಮುಖಕ್ಕೆ ಉಗಿಯಬೇಕು' ಎಂದು ನಮ್ಮ ಕಡೆ ಬಯ್ಯುತ್ತಾರಲ್ಲ, ಅದನ್ನು ನಾನೇ ಮಾಡಿಕೊಂಡಂತಾಯಿತು. ಆಗ ನಗು ಬಂತು.

ನೋಡಿದ್ದನ್ನು ನೋಡಿದೆ ಎನ್ನುತ್ತೇನೆ, ಇದಿಷ್ಟು ನಿಜ. ಕೈಯಲ್ಲಿ ತೇಲುವ ಒಂದು ದೊಡ್ಡ ರಬ್ಬರ್ ಬಳೆ ಹಿಡಿಸಿ, ಶರಾವತಿ ನನ್ನನ್ನು ಎಳೆದುಕೊಂಡು ಹೋದಳು. ಮುಖ ನೀರಿಗಿಟ್ಟೆ. ಕೆಳಗೆ ಬಂಡೆಗಳು, ನಮ್ಮ ಇರಕಲ್ಲಗಡದ ಗುಡ್ಡದ ಕಲ್ಲುಗಳಿಗೆ ಯಾರೋ ಜೀವ ಬರಿಸಿದಂತೆ. ಅವುಗಳ ಸಂದಿಯಿಂದ ಇಳಕಲ್ ಸೀರೆಯ ಸೆರಗಿನ ಪಟ್ಟೆಯುಟ್ಟ ಸಣ್ಣ ಮೀನುಗಳು ಸಾಲಾಗಿ ಬಂದವು, ಪ್ರಾರ್ಥನೆಗೆ ಬರುವ ಮೂರನೆಯ ತರಗತಿಯಂತೆ, ಒಂದೆರಡು ಸಾಲು ತಪ್ಪಿಸಿಯೇ ಬಂದವು. ಗಿಳಿಯಂಥ ಕೊಕ್ಕಿನ ಹಸಿರು ಮೀನೊಂದು ಕಲ್ಲನ್ನು ಕಡಿಯುತ್ತಿತ್ತು. ಬಸ್ಸಿನ ಪಕ್ಕದ ಸೀಟಿನಲ್ಲಿ ಯಾರೋ ಹುರಿಗಡಲೆ ತಿನ್ನುವಂಥ ಸದ್ದು. ಆಮೆಯೊಂದು ನಿವೃತ್ತ ಹೆಡ್‌ಮಾಸ್ತರರ ಗತ್ತಿನಲ್ಲಿ, ಯಾರ ನಮಸ್ಕಾರಕ್ಕೂ ತಿರುಗದೆ ಹೋಯಿತು. ನಾನು ಕೊಳವೆಯೊಳಗೆ 'ಓ ಮೈ ಗಾಡ್' ಎಂದೆ. ಅದು ಬರೀ ಗುರುಗುಟ್ಟಿದಂತೆ ಕೇಳಿಸಿತು.

ಆಮೇಲೆ ಮೇಲಿನಿಂದ ಕೂಗು ಕೇಳಿಸಿತು. ಶರಾವತಿ ನನ್ನ ಭುಜ ತಟ್ಟಿ ಬಲಕ್ಕೆ ಬೆರಳು ಮಾಡಿದಳು. ಅದೇ ಹೊತ್ತಿಗೆ ನನ್ನ ಹೊಟ್ಟೆಯ ಕೆಳಗಿನ ನೀರು ಯಾರೋ ತಳ್ಳಿದಂತೆ ಜರುಗಿತು. ದೊಡ್ಡದೇನೋ ಹತ್ತಿರದಲ್ಲಿದೆ ಎಂದು ಚರ್ಮಕ್ಕೆ ಗೊತ್ತಾಯಿತು. ಬಲಕ್ಕೆ ತಿರುಗಬೇಕಿತ್ತು. ನಾನು ಎರಡೂ ಕೈಯಲ್ಲಿ ರಬ್ಬರ್ ಬಳೆಯನ್ನು ಅಪ್ಪಿ, ಕಣ್ಣು ಮುಚ್ಚಿಬಿಟ್ಟೆ.

ಕತ್ತಲಲ್ಲಿ ಸದ್ದು ಮಾತ್ರ ಇತ್ತು. ಮೊದಲು ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂತೆ ಟಿಕ್ ಟಿಕ್. ಆಮೇಲೆ ಒಂದು ಸೀಟಿ, ತೆಳ್ಳಗೆ, ಕೆಳಗಿನಿಂದ ಮೇಲಕ್ಕೆ ಏರುವಂಥದ್ದು. ಅದಕ್ಕೆ ದೂರದಿಂದ ಇನ್ನೊಂದು ಸೀಟಿ ಉತ್ತರ ಕೊಟ್ಟಿತು. ಎಷ್ಟು ಹೊತ್ತೋ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಎದುರಿಗೆ ಬರೀ ನೀಲಿ.

ದೋಣಿಗೆ ಹತ್ತಿಸಿಕೊಂಡರು. ಮೆಹರುನ್ನೀಸಾ ವಾಂತಿ ಮರೆತು ಎದ್ದು ನಿಂತಿದ್ದಳು. ಐದು ಡಾಲ್ಫಿನ್ ಬೆನ್ನು ತೋರಿಸಿ ಹೋದದ್ದನ್ನು ಅವಳು ದೋಣಿಯಿಂದಲೇ ನೋಡಿದ್ದಳು.

'ನಾ ದೂರಿಂದ ನೋಡಿದೆ. ನೀ ಒಳಗ ಇದ್ದಿ. ನಿನ್ನ ಮಗ್ಗಲದಾಗ ಹೋದ್ವು ಸುಮಿತ್ರಾ. ಮುಖಾಮುಖಿ ಆಗಿರಬೇಕಲ್ಲ?'

ಅವಳ ಒದ್ದೆ ಮುಖದ ಮೇಲೆ ಅಷ್ಟು ಸಂತೋಷವಿತ್ತು. ನಾನು 'ಹೂಂ' ಎಂದೆ.

ಒಂದೇ ಅಕ್ಷರ ನೋಡಿ. ಆದರೆ ಅದು ಗಂಗಾವತಿಗೆ ಬಂದು ಬೆಳೆಯಿತು. ಬಸ್ಸಿನಲ್ಲಿ ಉಳಿದವರಿಗೆ ಹೇಳುವಾಗ ಡಾಲ್ಫಿನ್ ಪಕ್ಕದಲ್ಲಿ ಹಾದುಹೋಗಿತ್ತು. ಅರಿಶಿನ ಕುಂಕುಮಕ್ಕೆ ಹೋದ ಮನೆಯಲ್ಲಿ ಅದು ತಿರುಗಿ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿತ್ತು. ಕುಷ್ಟಗಿಯಲ್ಲಿ ಮೆಹರುವಿನ ತಂಗಿಯ ಮಗಳ ಮದುವೆಯ ಹೊತ್ತಿಗೆ, ಬಿರಿಯಾನಿ ಬಡಿಸುವವರು ಸಹ ನಿಂತು ಕೇಳುತ್ತಿದ್ದರು, ಅದು ತನ್ನ ಮರಿಯನ್ನು ಕರೆದು ನನಗೆ ತೋರಿಸಿತ್ತು. ಕೆಲವರು ನಂಬಲಿಲ್ಲ. ನಂಬದವರ ಮೇಲೆ ನನಗೆ ನಿಜವಾಗಿ ಸಿಟ್ಟು ಬರುತ್ತಿತ್ತು, ಅದೊಂದು ವಿಚಿತ್ರ. ಕೊನೆಗೆ ನಾನು ಮೊದಲು ಕೆಲಸ ಮಾಡಿದ ಹೊಳೆದಂಡೆಯ ಹಳ್ಳಿಯ ಶಾಲೆಯಿಂದ ಫೋನ್ ಬಂತು. ಮುಂದಿನ ಶನಿವಾರ ಮಕ್ಕಳಿಗೆ ಡಾಲ್ಫಿನ್ ಬಗ್ಗೆ ಹೇಳಬೇಕಂತೆ. 'ಸ್ವತಃ ಕಂಡವರು' ಎಂದು ಆಹ್ವಾನಪತ್ರಿಕೆಯಲ್ಲಿ ಹಾಕುತ್ತಾರಂತೆ. ಹಾಕಲಿ ಎಂದೆ.

ಆ ವಾರವೇ, ಒಂದು ಮುಂಜಾನೆ, ಹುಲಿಗೆಮ್ಮ ನಮ್ಮ ಬಾಗಿಲಿಗೆ ಬಂದಳು.

ಹುಲಿಗೆಮ್ಮ ಗಂಗಾವತಿಯ ಮಾರ್ಕೆಟ್ಟಿನಲ್ಲಿ ಮೀನು ಮಾರುವವಳು. ಐವತ್ತೈದರ ಆಸುಪಾಸು, ಗಟ್ಟಿ ಹೆಂಗಸು. ಅವಳು ನನ್ನ ವಿದ್ಯಾರ್ಥಿನಿ. ಇದನ್ನು ಹೇಳಲು ಇಷ್ಟು ಪುಟ ಹಿಂದೆ ಮುಂದೆ ನೋಡಿದೆ, ಗಮನಿಸಿರಬಹುದು.

ನನಗಾಗ ಇಪ್ಪತ್ತೈದು. ವಿರೂಪಾಪುರಗಡ್ಡೆಯ ಹತ್ತಿರದ ಹಳ್ಳಿಯ ಸರ್ಕಾರಿ ಶಾಲೆಗೆ ಮೊದಲ ಪೋಸ್ಟಿಂಗ್. ಆ ಕಡೆ ಟೀಚರಮ್ಮನನ್ನು 'ಅಕ್ಕೋರು' ಎಂದು ಕರೆಯುತ್ತಾರೆ. ನನಗದು ಹಳ್ಳಿಯ ವಾಸನೆ ಹೊಡೆಯಿತು. 'ಮಿಸ್' ಎನ್ನಬೇಕೆಂದು ಕಲಿಸಿದೆ. ಎಲ್ಲರೂ ಕಲಿತರು, ಏಳನೆಯ ತರಗತಿಯ ಹುಲಿಗೆಮ್ಮ ಒಬ್ಬಳನ್ನು ಬಿಟ್ಟು. ಅವಳಪ್ಪ ಹೊಳೆಯಲ್ಲಿ ಹರಿಗೋಲು ಹಾಕುತ್ತಿದ್ದ. ಅವಳು ದಿನಾ ಬೆಳಿಗ್ಗೆ ಅವನಿಗೆ ಬುತ್ತಿ ಕೊಟ್ಟು, ಒದ್ದೆ ಲಂಗದಲ್ಲೇ ಶಾಲೆಗೆ ಬರುತ್ತಿದ್ದಳು.

ಒಮ್ಮೆ 'ಮೈ ಫ್ರೆಂಡ್' ಎಂದು ಕಾಂಪೋಸಿಷನ್ ಬರೆಸಿದೆ. ಗೈಡಿನಲ್ಲಿ ಒಬ್ಬ ರವಿ ಇದ್ದ. ಅವನು ಗುಡ್ ಬಾಯ್, ಅವನು ದಿನಾ ಹಲ್ಲುಜ್ಜುತ್ತಾನೆ. ಇಡೀ ತರಗತಿಗೆ ಅವನೇ ಫ್ರೆಂಡ್ ಆದ. ನಾನು ಅಷ್ಟೂ ರವಿಗಳಿಗೆ ರೈಟ್ ಹಾಕಿದೆ. ಒಂದು ನೋಟ್‌ಬುಕ್ಕಿನಲ್ಲಿ ಮಾತ್ರ ರವಿ ಇರಲಿಲ್ಲ. 'ಮೈ ಫ್ರೆಂಡ್ಸ್ ಆರ್ ವಾಟರ್ ಡಾಗ್ಸ್. ದೇ ಆರ್ ನೈನ್. ದೇ ಕಮ್ ಮಾರ್ನಿಂಗ್. ದೇ ಸೀ ಮಿ ಆಂಡ್ ವಿಸಲ್' ಎಂದಿತ್ತು. ನಾನು ಕೆಂಪು ಶಾಯಿಯಲ್ಲಿ 'ನೋ ಸಚ್ ಆನಿಮಲ್. ಡೋಂಟ್ ಟೆಲ್ ಲೈಸ್' ಎಂದು ಬರೆದೆ. ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. ಅವಳನ್ನು ಎಬ್ಬಿಸಿ ನಿಲ್ಲಿಸಿದೆ.

'ವಾಟರ್ ಡಾಗ್ ಅಂದರೆ ಏನು?'

'ನೀರನಾಯಿ ರೀ ಅಕ್ಕೋರ.'

'ನಾಯಿ ಎಲ್ಲಾದರೂ ಸೀಟಿ ಹೊಡೆಯುತ್ತದೆಯೇ?'

ತರಗತಿ ನಕ್ಕಿತು. ಬೆಂಚಿನ ಮೇಲೆ ಹತ್ತಿ ನಿಲ್ಲು ಎಂದೆ. ಹತ್ತಿದಳು. ಹತ್ತಿ, ಸುಮ್ಮನಿರದೆ, ತುಟಿ ಒಟ್ಟು ಮಾಡಿ ಸೀಟಿ ಹೊಡೆದಳು. ತೆಳ್ಳಗೆ, ಕೆಳಗಿನಿಂದ ಮೇಲಕ್ಕೆ. ಅದು ಸಾಕ್ಷಿ ಹೇಳುವುದಾಗಿತ್ತು, ಬೇರೆ ಭಾಷೆಯಲ್ಲಿ ಹೇಳಲು ಅವಳಿಗೆ ಬರುತ್ತಿರಲಿಲ್ಲ. ನನಗದು ಸೊಕ್ಕು ಎಂದು ಕಂಡಿತು. ಹೆಣ್ಣುಮಕ್ಕಳು ಸೀಟಿ ಹೊಡೆಯುವುದೇ? ಸ್ಕೇಲಿನ ಅಂಚಿನಿಂದ ಅಂಗೈಗೆ ಎರಡು ಕೊಟ್ಟೆ. ಅಂದಿನಿಂದ ಶಾಲೆಗೆಲ್ಲ ಅವಳು 'ವಾಟರ್ ಡಾಗ್' ಆದಳು. ಒಂದು ತಿಂಗಳೊಳಗೆ ಶಾಲೆಗೆ ಬರುವುದು ನಿಂತಿತು. ಅಪ್ಪ ಹರಿಗೋಲಿಗೆ ಹಾಕಿಕೊಂಡನಂತೆ ಎಂದು ಯಾರೋ ಅಂದರು. ನಾನು ಅದನ್ನು ನಂಬಿದೆ, ನಂಬಲು ಅನುಕೂಲವಾಗಿತ್ತು.

ಎಷ್ಟೋ ವರ್ಷಗಳ ಮೇಲೆ, ನಿವೃತ್ತಿಯಾದ ನಂತರ, ಆ ಹೊಳೆದಂಡೆಯಲ್ಲಿ ಅರಣ್ಯ ಇಲಾಖೆಯವರ ಬೋರ್ಡೊಂದನ್ನು ಕಂಡೆ. ಅದರಲ್ಲಿ ನನ್ನ ಇಂಗ್ಲಿಷ್ ರೀಡರಿನ ಪ್ರಾಣಿ ಇತ್ತು, ಅದೇ ಮೀಸೆ. ಕೆಳಗೆ ಕನ್ನಡದಲ್ಲಿ 'ನೀರುನಾಯಿ', ಇಂಗ್ಲಿಷಿನಲ್ಲಿ 'ಆಟರ್'. ನಾನು ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದೆ. ಆಟರ್ ಇಂಗ್ಲೆಂಡಿನದೆಂದು ತಿಳಿದಿದ್ದವಳು ಟೀಚರು. ಅದರ ಜೊತೆ ಬೆಳೆದವಳು ಸುಳ್ಳಿ. ಕ್ಷಮೆ ಕೇಳಲು ಮರುದಿನವೇ ಹೋಗಬೇಕಿತ್ತಲ್ಲವೇ? ನಾನೇನು ಮಾಡಿದೆ ಗೊತ್ತೇ? ಅಲ್ಲಿಯವರೆಗೆ ಅವಳ ಅಂಗಡಿಯ ಮುಂದೆ ಹಾದುಹೋಗುತ್ತಿದ್ದೆ. ಆಮೇಲೆ ಮಾರ್ಕೆಟ್ಟಿನ ಹಿಂದಿನ ಓಣಿ ಹಿಡಿದೆ.

ಅಂಥವಳು ಈಗ ಬಾಗಿಲಲ್ಲಿ. ಕೈಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಎರಡು ಜಿಲೇಬಿ ಮೀನು. ಹೆಸರಿಗೆ ಹೆದರಬೇಡಿ, ನಮ್ಮ ಡ್ಯಾಮಿನ ಮೀನಿಗೆ ಇಲ್ಲಿ ಹಾಗೇ ಹೇಳುತ್ತಾರೆ.

'ಅಕ್ಕೋರ, ನೀವು ಸಮುದ್ರದಾಗ ಇಳದು ಡಾಲ್ಫಿನ್ ನೋಡೀರಂತ. ಮಾರ್ಕೆಟ್‌ದಾಗ ಮಾತಾಡಾಕತ್ತಿದ್ರು. ನಂಗ ಕೇಳಬೇಕು ಅನಿಸ್ತ್ರಿ.'

ಕುರ್ಚಿ ತೋರಿಸಿದೆ. ಕೂರಲಿಲ್ಲ, 'ಮೀನ ವಾಸನಿ ಹತ್ತತೈತ್ರಿ' ಎಂದು ಹೊಸ್ತಿಲ ಮೇಲೆ ಕೂತಳು. ಗೋಡೆಯ ಮೇಲಿನ ಸ್ನಾರ್ಕೆಲನ್ನು ನೋಡಿದಳು. ಅದೇನೆಂದು ಕೇಳಲಿಲ್ಲ.

'ಮುಖ ಹೆಂಗಿರ್ತೈತ್ರಿ ಅದರದ್ದು? ಹತ್ರದಿಂದ?'

'ನಕ್ಕ ಹಾಗೆ' ಎಂದೆ. ಫೋಟೋದಲ್ಲಿ ಹಾಗೇ ಇರುತ್ತದೆ.

'ನಿಮ್ಮನ್ನ ನೋಡಿತೇನ್ರಿ?'

'ನೋಡಿತು.'

'ತಲಿ ಹಿಂಗ ಹೊಳ್ಳಿಸಿ?' ಅವಳು ಕತ್ತು ಒಂದು ಕಡೆ ವಾಲಿಸಿ ತೋರಿಸಿದಳು. ಆ ಹೊತ್ತಿಗೆ ಹನ್ನೆರಡರ ಹುಡುಗಿಯೇ ಕೂತಂತಿತ್ತು.

'ಹೂಂ, ಹಾಗೇ.'

'ಉಸರ ಬಿಟ್ಟಾಗ ವಾಸನಿ ಬಂತೇನ್ರಿ? ನಮ್ಮ ನೀರನಾಯಿ ಹತ್ರ ಬಂದ್ರ ಹಸಿ ಮೀನ ವಾಸನಿ ಬರ್ತೈತಿ. ಅದಕ್ಕ ಕೇಳಿದೆ.'

ಯಾವ ಹೆಂಗಸೂ ನನಗೆ ಇಂಥ ಪ್ರಶ್ನೆ ಹಾಕಿರಲಿಲ್ಲ. ಕಂಡವರು ಮಾತ್ರ ಕೇಳುವ ಪ್ರಶ್ನೆ ಅದು. ನೆನಪಿಲ್ಲ ಎಂದೆ. ಮುಖ ಬಿಸಿಯಾಯಿತು. ಇವಳು ಹಿಡಿದುಬಿಟ್ಟಳು ಅಂದುಕೊಂಡೆ. ಅವಳು ಸೆರಗಿನಿಂದ ಕೈ ಒರೆಸಿಕೊಂಡು ಎದ್ದಳು.

'ಒಬ್ಬಿಬ್ಬರು ಅಲ್ಲಿ, ಮುದುಕಿ ಸುಳ್ಳ ಹೇಳತೈತಿ ಅಂತ ಅಂದ್ರು. ನಾ ಜಗಳ ಮಾಡಿದ್ನ್ರಿ. ಕಂಡಿದ್ದನ್ನ ಹೇಳಿದಾಗ ಯಾರೂ ನಂಬಲಿಲ್ಲಂದ್ರ ಹೆಂಗಾಗತೈತಿ, ನಂಗ ಗೊತ್ತೈತಿ. ನೀವು ಮನಸಿಗಿ ಹಚ್ಚಗೋಬ್ಯಾಡ್ರಿ ಅಕ್ಕೋರ.'

ಅಷ್ಟು ಹೇಳಿ ಹೋದಳು. ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಎಷ್ಟು ಹಗುರಾಗುತ್ತಿತ್ತು.

ಆ ಸಂಜೆ ಸ್ಟೂಲು ಹಾಕಿ ಹತ್ತಿದ್ದು. ಸ್ನಾರ್ಕೆಲ್ ಕೈಗೆ ಸಿಗುವ ಎತ್ತರಕ್ಕೆ ಹೋದಾಗ ಗಾಜಿನಲ್ಲಿ ನನ್ನ ಮುಖ ಕಂಡಿತು, ನಾನು ಉಗಿದಿದ್ದ ಜಾಗದಲ್ಲೇ. ಅಟ್ಟಕ್ಕೆ ಹಾಕಿದರೆ ಈ ಮುಖ ಎಲ್ಲಿ ಹಾಕುವುದು? ಇಳಿದುಬಿಟ್ಟೆ. ಅವಳು ಕೊಟ್ಟ ಮೀನು ಫ್ರಿಜ್ಜಿನಲ್ಲಿತ್ತು. ಸಾರು ಮಾಡಿದೆ, ತಿನ್ನಲಾಗಲಿಲ್ಲ.

ಎರಡು ದಿನ ಬಿಟ್ಟು ಮಾರ್ಕೆಟ್ಟಿಗೆ ಹೋದೆ, ಮುಂದಿನ ಓಣಿಯಿಂದ. ಹುಲಿಗೆಮ್ಮ ಮೀನಿನ ಹುರುಪೆ ಕೆರೆಯುತ್ತ ಕೂತಿದ್ದಳು. ಪಕ್ಕದಲ್ಲಿ ಸೀಗಡಿ ಮಾರುವ ಇನ್ನೊಬ್ಬಾಕೆ. ನಾನು ನಿಂತೇ ಹೇಳಿದೆ. ಕೂತರೆ ಮಾತು ತಪ್ಪಿಹೋಗುತ್ತದೆಂದು ಗೊತ್ತಿತ್ತು.

'ಹುಲಿಗೆಮ್ಮ, ನಾನು ಡಾಲ್ಫಿನ್ ನೋಡಿಲ್ಲ.'

'ಮತ್ತ ಮೊನ್ನೆ ಮುಖ ಹಿಂಗಿತ್ತು ಅಂದ್ರಿ?'

'ಸುಳ್ಳು ಹೇಳಿದೆ. ಅವು ಹತ್ತಿರ ಬಂದಾಗ ಕಣ್ಣು ಮುಚ್ಚಿಕೊಂಡಿದ್ದೆ.'

'ಅಂಜಿ?'

'ಅಂಜಿ.'

ಅವಳು ಕೆರೆಯುತ್ತಲೇ ಇದ್ದಳು. ಸೀಗಡಿಯಾಕೆ, 'ಏನಂತಬೇ?' ಎಂದು ಬಗ್ಗಿ ಕೇಳಿದಳು.

'ಏನಿಲ್ಲ ತಗೋ. ನಮ್ಮ ಅಕ್ಕೋರು ಹೋಂವರ್ಕ್ ತಂದಿಲ್ಲಂತ' ಎಂದಳು ಹುಲಿಗೆಮ್ಮ. ಸೀಗಡಿಯಾಕೆ ಅರ್ಥವಾಗದೆಯೂ ನಕ್ಕಳು. ನಾನು ನಗಲಿಲ್ಲ. ಹುಲಿಗೆಮ್ಮನೂ ನಗಲಿಲ್ಲ.

ಸ್ವಲ್ಪ ಹೊತ್ತಿಗೆ, 'ಅಷ್ಟು ದೂರ ಹೋಗಿ, ಏನೂ ಗೊತ್ತಾಗಲಿಲ್ಲೇನ್ರಿ?' ಎಂದಳು.

'ಕೇಳಿಸಿತು.'

'ಏನು?'

'ಸೀಟಿ.'

ಚಾಕು ನಿಂತಿತು. ಅವಳು ತಲೆಯೆತ್ತಿ ನನ್ನನ್ನು ನೋಡಿದಳು, ನಾನು ಬಂದಮೇಲೆ ಮೊದಲ ಸಲ ಸರಿಯಾಗಿ ನೋಡಿದಂತೆ.

'ಹೆಂಗ ಹೊಡಿತಾವ್ರಿ?'

ತೋರಿಸಲು ಹೋದೆ. ತುಟಿ ಒಟ್ಟು ಮಾಡಿದೆ. ಕಟ್ಟಿಸಿದ ಹಲ್ಲು, ಜೊತೆಗೆ ಜೀವಮಾನದಲ್ಲಿ ಒಮ್ಮೆಯೂ ಸೀಟಿ ಹೊಡೆಯದ ಬಾಯಿ. ಗಾಳಿ ಮಾತ್ರ ಬಂತು. ಅವಳು ಕಾದಳು. ಮತ್ತೆ ಪ್ರಯತ್ನಿಸಿದೆ, ಮತ್ತೆ ಗಾಳಿ. ಆಗ ಅವಳು ಹುರುಪೆ ಅಂಟಿದ ಕೈಯನ್ನು ಮೊಣಕಾಲ ಮೇಲಿಟ್ಟು, ಮಾರ್ಕೆಟ್ಟಿನ ನಡುವೆ ತಾನೇ ಹೊಡೆದಳು. ತೆಳ್ಳಗೆ, ಕೆಳಗಿನಿಂದ ಮೇಲಕ್ಕೆ.

'ಅದೇ' ಎಂದೆ. 'ಹೆಚ್ಚೂಕಡಿಮೆ ಅದೇ. ನೀನು ಬರೆದದ್ದು ನಿಜವಿತ್ತು ಹುಲಿಗೆಮ್ಮ. ನೀರುನಾಯಿ ಅಂದರೆ ಆಟರ್ ಅಂತ ನನಗೇ ಗೊತ್ತಿರಲಿಲ್ಲ. ನಾನು ಬರೆದದ್ದು ಸುಳ್ಳು. ಐ ಆಮ್...' ಎಂದು ಶುರುಮಾಡಿ ನಿಲ್ಲಿಸಿದೆ. ಆ ಇಂಗ್ಲಿಷ್ ಸಾರಿ ಬಸ್ಸಿನಲ್ಲಿ ಕಾಲು ತುಳಿದದ್ದಕ್ಕೆ ಸಾಕು. 'ತಪ್ಪಾಯಿತು' ಎಂದೆ.

'ಬೋರ್ಡ ಹಾಕ್ಯಾರಲ್ರಿ ಹೊಳಿ ದಂಡಿಗೆ. ಎರಡೂ ಭಾಷಾದಾಗ. ನಾ ಓದೀನ್ರಿ.' ಅವಳು ಮತ್ತೆ ಚಾಕು ಹಿಡಿದಳು. 'ಓದಿದ ಮ್ಯಾಲೆ, ಅಕ್ಕೋರೂ ಓದಿರತಾರ, ಇವತ್ತ ಬರತಾರ ನಾಳೆ ಬರತಾರ ಅಂತ ನೋಡಾಕತ್ತಿದ್ದೆ. ನೀವು ಓಣಿ ಬದಲಿ ಮಾಡಿದ್ರಿ.'

ನಾನು ಓಣಿ ಬದಲಿಸಿದ್ದು ನನಗೊಬ್ಬಳಿಗೇ ಗೊತ್ತು ಅಂದುಕೊಂಡಿದ್ದೆ.

'ನಿಮ್ಮಪ್ಪ ನಿನ್ನ ಶಾಲೆ ಬಿಡಿಸಿದ ಅಂತ ಹೇಳಿದ್ದರು' ಎಂದೆ. ಯಾಕೆ ಹೇಳಿದೆನೋ. ಅರ್ಧ ಭಾರವನ್ನಾದರೂ ಆ ಸತ್ತ ಮನುಷ್ಯನ ಮೇಲೆ ಇಳಿಸೋಣ ಎಂದಿರಬೇಕು.

'ಅಪ್ಪ ಬಿಡಸಲಿಲ್ರಿ. ಅಪ್ಪ ಎರಡು ಸಲ ಹೊಡದು ಕಳಿಸಿದ. ಸಾಲಿ ಗೇಟಿನ ತನಕ ಬಂದು ಹೊಳ್ಳಿ ಹೋಗತಿದ್ದೆ. ನಾನ ಬಿಟ್ಟೆ.'

ಗಿರಾಕಿಯೊಬ್ಬ ಬಂದು ಮೀನು ತಿರುವಿ ಹಾಕಿ ಹೋದ. ಶನಿವಾರದ ಭಾಷಣಕ್ಕೆ ಹೋಗುವುದಿಲ್ಲ, ಆರೋಗ್ಯ ಸರಿಯಿಲ್ಲ ಎಂದು ಫೋನ್ ಮಾಡುತ್ತೇನೆ ಎಂದೆ.

'ಇನ್ನೊಂದು ಸುಳ್ಳೇನ್ರಿ?' ಎಂದಳು. 'ಹೋಗ್ರಿ. ಹೋಗಿ ಸೀಟಿ ಕೇಳಿದ್ದನ್ನ ಹೇಳ್ರಿ, ಅಷ್ಟ ಸಾಕಿತ್ತಲ್ರಿ ಮೊದಲಿಂದ. ಮತ್ತ ನಂದು ಹೇಳೋದಿದ್ರ, ಹೆಸರ ಹಿಡದು ಹೇಳ್ರಿ. ಹುಲಿಗೆಮ್ಮ ಅನ್ರಿ. ವಾಟರ್ ಡಾಗ್ ಅನಬ್ಯಾಡ್ರಿ.'

ಮೆಹರುನ್ನೀಸಾಗೂ ಆ ಸಂಜೆಯೇ ಹೇಳಿದೆ. 'ಅಂದ್ರ ವಾಂತಿ ಮಾಡಿದಾಕಿನ ನೋಡಿದಂಗಾತು' ಎಂದಳು. ಅವಳು ಅದನ್ನು ಕ್ಷಮೆಯಾಗಿ ಹೇಳಿದಳೋ ಶಿಕ್ಷೆಯಾಗಿಯೋ ಗೊತ್ತಾಗಲಿಲ್ಲ. ಶನಿವಾರ ನನ್ನ ಜೊತೆಗೆ ಬಂದಳು.

ಶಾಲೆಯಲ್ಲಿ ಮಕ್ಕಳು ನೀಲಿ ಕಾಗದದ ಡಾಲ್ಫಿನ್ ಕತ್ತರಿಸಿ ಗೋಡೆಗೆ ಅಂಟಿಸಿದ್ದರು. ಹೆಡ್‌ಮಿಸ್ಟ್ರೆಸ್ ನನ್ನ ಸಾಹಸವನ್ನು ಐದು ನಿಮಿಷ ಹೊಗಳಿ ಮೈಕು ಕೊಟ್ಟರು. ವೇದಿಕೆ ಹತ್ತಿದೆ. ವೇದಿಕೆ ಅಂದರೂ ಅದೊಂದು ಅಗಲವಾದ ಬೆಂಚೇ.

'ಮಕ್ಕಳೇ, ನಾನು ಡಾಲ್ಫಿನ್ ನೋಡಿಲ್ಲ' ಎಂದೆ.

ಹೆಡ್‌ಮಿಸ್ಟ್ರೆಸ್ಸರ ನಗು ಹಾಗೇ ಮುಖದ ಮೇಲೆ ಉಳಿದು ಒಣಗತೊಡಗಿತು. ನಾನು ಎಲ್ಲ ಹೇಳಿದೆ. ಪಟ್ಟೆ ಮೀನು, ಆಮೆ, ಮುಚ್ಚಿದ ಕಣ್ಣು, ಸೀಟಿ. ಆಮೇಲೆ ಇದೇ ಶಾಲೆಯ ಏಳನೆಯ ತರಗತಿಯಲ್ಲಿ ಹುಲಿಗೆಮ್ಮ ಎಂಬ ಹುಡುಗಿ ಇದ್ದಳೆಂದೂ, ಅವಳಿಗೆ ಒಂಬತ್ತು ನೀರುನಾಯಿಗಳ ಸ್ನೇಹವಿತ್ತೆಂದೂ, ಎಲ್ಲರೂ ಗೈಡು ನೋಡಿ ಬರೆದಾಗ ಅವಳೊಬ್ಬಳು ಕಣ್ಣಾರೆ ಕಂಡದ್ದನ್ನು ಬರೆದಳೆಂದೂ ಹೇಳಿದೆ. ಮಕ್ಕಳು ಬಾಯಿ ಬಿಟ್ಟು ಕೇಳಿದರು. ಹಿಂದಿನ ಸಾಲಿನಲ್ಲಿ ಯಾರೋ ಸಣ್ಣಗೆ ಸೀಟಿ ಹೊಡೆದರು. ಯಾರೂ ಗದರಲಿಲ್ಲ.

ಅಲ್ಲಿಗೇ ಮುಗಿಸಿ ಕೂರಬಹುದಿತ್ತು. ಚಪ್ಪಾಳೆಯೂ ಬಂತು. ಸ್ಕೇಲಿನ ವಿಷಯ ನಾನು ಹೇಳಿರಲಿಲ್ಲ. ಮುಂದಿನ ಸಾಲಿನಿಂದ ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತಳು.

'ಮಿಸ್, ಹುಲಿಗೆಮ್ಮನವರು ಮುಂದ ಏನ್ ಓದಿದ್ರು?'

'ಓದಲಿಲ್ಲ. ಶಾಲೆ ಬಿಟ್ಟರು.'

'ಯಾಕ್ರಿ ಮಿಸ್?'

ಅವರಪ್ಪ ಹರಿಗೋಲು ಹಾಕುತ್ತಿದ್ದ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದು ನಿಂತಿತು. ನಲವತ್ತು ವರ್ಷ ಅಭ್ಯಾಸವಾದ ಮಾತು. ಮೆಹರುನ್ನೀಸಾ ನನ್ನನ್ನೇ ನೋಡುತ್ತಿದ್ದಳು. ಮೈಕಿನಲ್ಲಿ ನನ್ನ ಉಸಿರು ಕೇಳಿಸುತ್ತಿತ್ತು. ಈ ಸಲ ಕಣ್ಣು ಮುಚ್ಚಲಿಲ್ಲ.

'ನನ್ನ ಸಲುವಾಗಿ' ಎಂದೆ. 'ಮತ್ತೆ, ನನ್ನನ್ನು ಮಿಸ್ ಅನ್ನಬೇಡ ಮಗಾ. ಅಕ್ಕೋರ ಅನ್ನು.'